ಬಿಸಿ ಗಾಜಿನ ಮೇಲೆ ಕೂರಿಸಿದ ಫಿಲ್ಮ್ ಅಮೋನಿಯಾಕ್ಕೆ ಕಡಿಮೆ ಸ್ಪಂದಿಸುತ್ತದೆ. ಹಾಗಾದರೆ ಅದು ಕೆಟ್ಟ ಫಿಲ್ಮಾ?

ಆಟಿಮಳೆ (ಮಂಗಳೂರು):
ಎಲ್ಲರಿಗೂ ನಮಸ್ಕಾರ. ನಾನು ಪಿಎಚ್‌ಡಿ ವಿದ್ಯಾರ್ಥಿನಿ. ಕಾಪರ್ ಥಾಲೊಸಯನಿನ್ (ಶಾಯಿ, ಬಣ್ಣಗಳಲ್ಲಿ ಬಳಸುವ ನೀಲಿ ವಸ್ತು, ಅರೆವಾಹಕವೂ ಹೌದು) ಫಿಲ್ಮಿನಿಂದ ಅಮೋನಿಯಾ ಸೆನ್ಸರ್ ಮಾಡುವುದು ನನ್ನ ಕೆಲಸ. ಗಾಜಿನ ತುಂಡಿನ ಮೇಲೆ ಒಂದರೊಳಗೊಂದು ಹೆಣೆದ ಚಿನ್ನದ ಎಲೆಕ್ಟ್ರೋಡು, ಅದರ ಮೇಲೆ ನಿರ್ವಾತದಲ್ಲಿ ಆವಿ ಮಾಡಿ ಕೂರಿಸಿದ 100 ನ್ಯಾನೋಮೀಟರ್ ಫಿಲ್ಮು.

ಎರಡು ಬಗೆ ಮಾಡಿದ್ದೇನೆ. ಒಂದರಲ್ಲಿ ಗಾಜು ಕೋಣೆಯ ಉಷ್ಣಾಂಶದಲ್ಲೇ ಇತ್ತು, ಇನ್ನೊಂದರಲ್ಲಿ 150 ಡಿಗ್ರಿಗೆ ಕಾಯಿಸಿದ್ದೆ. ಪುಡಿ ಒಂದೇ, ಬೋಟು (ಪುಡಿಯನ್ನು ಇಟ್ಟು ಕಾಯಿಸುವ ಪುಟ್ಟ ತೊಟ್ಟಿ) ಒಂದೇ, ದಪ್ಪವೂ ಒಂದೇ. ನೈಟ್ರೋಜನ್ ಹರಿವಿನಲ್ಲಿ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಪಾಲು) ಅಮೋನಿಯಾ ಬಿಟ್ಟಾಗ ತಣ್ಣನೆಯ ಗಾಜಿನ ಫಿಲ್ಮಿನ ರೋಧ ಚೆನ್ನಾಗಿ ಏರುತ್ತದೆ, ಆದರೆ ಗ್ಯಾಸ್ ನಿಲ್ಲಿಸಿದ ಮೇಲೆ ಬೇಸ್‌ಲೈನಿಗೆ (ಮೊದಲಿದ್ದ ಮಟ್ಟಕ್ಕೆ) ಬರುವುದೇ ಇಲ್ಲ. ಬಿಸಿ ಗಾಜಿನದ್ದು ಸುಮಾರು ಅರ್ಧದಷ್ಟೇ ಏರುತ್ತದೆ, ಆದರೆ ಬೇಗ ಇಳಿಯುತ್ತದೆ. ಗೈಡ್ ಹೇಳುವುದು, ಹೆಚ್ಚು ಸ್ಪಂದನೆ ಕೊಟ್ಟದ್ದನ್ನೇ ಪೇಪರಿಗೆ ಹಾಕು ಎಂದು. ನನಗೆ ಮನಸ್ಸು ಒಪ್ಪುತ್ತಿಲ್ಲ. ಅದೂ ಅಲ್ಲದೆ ಮಳೆ ಶುರುವಾದ ಮೇಲೆ ಮಾಡಿದ ಫಿಲ್ಮುಗಳು ಬೇಸಿಗೆಯವಕ್ಕೆ ಹೋಲುವುದೂ ಇಲ್ಲ. ಎಲ್ಲಿಂದ ನೋಡಲು ಶುರು ಮಾಡಲಿ?

ಬೀಡಿನಗುಡ್ಡೆ ಮೇಷ್ಟ್ರು (ಉಡುಪಿ):
ನೀವು ಬರೆಯದೆ ಬಿಟ್ಟ ವಿಷಯದಿಂದ ಶುರು ಮಾಡಿ. ಎಷ್ಟು ವೇಗದಲ್ಲಿ ಕೂರಿಸಿದಿರಿ? ಆವಿ ಆಗುತ್ತಿರುವಾಗ ಒತ್ತಡ ಎಷ್ಟಿತ್ತು (ಶುರುವಿನದ್ದಲ್ಲ, ಆಗಿನದ್ದು)? ಥರ್ಮೋಕಪಲ್ (ಉಷ್ಣಾಂಶ ಅಳೆಯುವ ತಂತಿ) ಎಲ್ಲಿ ಮುಟ್ಟಿಕೊಂಡಿತ್ತು? ಕೆಲಸ ಮುಗಿದ ಮೇಲೆ ಗಾಜು ತಣ್ಣಗಾಗುವವರೆಗೆ ಕಾದಿರೋ, ಬಿಸಿ ಇರುವಾಗಲೇ ಗಾಳಿ ಒಳಗೆ ಬಿಟ್ಟಿರೋ?

ಉಷ್ಣಾಂಶ, ವೇಗ ಇವೆರಡನ್ನೂ ಬೇರೆ ಬೇರೆ ನಾಬುಗಳ ಹಾಗೆ ತಿರುಗಿಸಿ ಪ್ರಯೋಜನವಿಲ್ಲ. ಗಾಜಿನ ಮೇಲೆ ಬಂದು ಬಿದ್ದ ಅಣು ಅಲ್ಲೇ ಕೂರುವುದಿಲ್ಲ, ಸ್ವಲ್ಪ ದೂರ ಓಡಾಡುತ್ತದೆ. ಗಾಜು ಬಿಸಿ ಇದ್ದಷ್ಟೂ ಹೆಚ್ಚು ದೂರ. ಆಗ ಅದು ಈಗಾಗಲೇ ಬೆಳೆಯುತ್ತಿರುವ ಹರಳಿನ ಅಂಚನ್ನು ಸೇರಿಕೊಳ್ಳುತ್ತದೆ. ಹರಳುಗಳು ಕಡಿಮೆ, ಆದರೆ ದೊಡ್ಡವು. ವೇಗ ಹೆಚ್ಚಾದರೆ ಇದರ ತದ್ವಿರುದ್ಧ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಉಡುಪಿ ಎಕ್ಸ್‌ಪ್ರೆಸ್ಸಿಗೆ ಜನ ಒಬ್ಬೊಬ್ಬರಾಗಿ ಹತ್ತಿದರೆ ಸೀಟು ನೋಡಿ ಕೂರುತ್ತಾರೆ, ಒಟ್ಟಿಗೆ ನುಗ್ಗಿದರೆ ಬಾಗಿಲ ಹತ್ತಿರವೇ ಸಿಕ್ಕಿಬೀಳುತ್ತಾರಲ್ಲ, ಅದೇ ಲೆಕ್ಕ. ಸೆಕೆಂಡಿಗೆ ಐದಾರು ಆಂಗ್‌ಸ್ಟ್ರಾಂ (ನ್ಯಾನೋಮೀಟರಿನ ಹತ್ತನೇ ಒಂದು ಪಾಲು) ಸುರಿದರೆ ಎಲ್ಲೆಂದರಲ್ಲಿ ಹೊಸ ಮೊಳಕೆ ಒಡೆದು, ಗಾಜು ಬಿಸಿಯಿದ್ದರೂ ಸಣ್ಣ ಹರಳೇ ಸಿಗಬಹುದು.

ಹರಳು ಸಣ್ಣದಾದರೆ ಹರಳುಗಳ ನಡುವಿನ ಗಡಿಗಳು ಹೆಚ್ಚು. ಗ್ಯಾಸ್ ಅಣು ಗಟ್ಟಿಯಾಗಿ ಹಿಡಿದು ಕೂರುವ ಜಾಗ ಇರುವುದು ಬಹುಮಟ್ಟಿಗೆ ಆ ಗಡಿಗಳಲ್ಲಿ ಮತ್ತು ದೋಷಗಳಲ್ಲಿ. ನಿಮ್ಮ ತಣ್ಣನೆಯ ಫಿಲ್ಮು ಹೆಚ್ಚು ಸ್ಪಂದಿಸುವುದು, ಬಿಡಲು ಒಪ್ಪದಿರುವುದು, ಎರಡಕ್ಕೂ ಒಂದೇ ಕಾರಣ ಇರಬಹುದು.

ಆಟಿಮಳೆ:
ಸರ್, ವೇರಿಯಾಕ್ (ಕಾಯಿಸುವ ವೋಲ್ಟೇಜ್ ಏರಿಳಿಸುವ ಪೆಟ್ಟಿಗೆ) ಕೈಯಲ್ಲೇ ತಿರುಗಿಸುವುದು. ಕ್ರಿಸ್ಟಲ್ ಮಾನಿಟರ್ (ಫಿಲ್ಮಿನ ದಪ್ಪ ತೋರಿಸುವ ಮೀಟರ್) ನೋಡಿಕೊಂಡು ಸೆಕೆಂಡಿಗೆ 1 ಆಂಗ್‌ಸ್ಟ್ರಾಂ ಹತ್ತಿರ ಇಡುತ್ತೇನೆ, ಆದರೆ ಪುಡಿ ಒಮ್ಮೆ ಆವಿಯಾಗಲು ಶುರುವಾದರೆ 3, 4ಕ್ಕೆ ಹಾರುತ್ತದೆ. ಥರ್ಮೋಕಪಲ್ ತಾಮ್ರದ ಹೀಟರ್ ಬ್ಲಾಕಿಗೆ ಸ್ಕ್ರೂ ಮಾಡಿದ್ದು. ಒತ್ತಡ 10⁻⁵ ಮಿಲಿಬಾರ್ ಆಸುಪಾಸು.

ಬೀಡಿನಗುಡ್ಡೆ ಮೇಷ್ಟ್ರು:
ಹಾಗಾದರೆ 150 ಡಿಗ್ರಿ ಎನ್ನುವುದು ಬ್ಲಾಕಿನ ಉಷ್ಣಾಂಶ, ಗಾಜಿನದ್ದಲ್ಲ. ನಿರ್ವಾತದಲ್ಲಿ ನಡುವೆ ಗಾಳಿ ಇಲ್ಲ. ಗಾಜಿನ ತುಂಡು ಬ್ಲಾಕನ್ನು ನಾಲ್ಕಾರು ಕಡೆ ಮಾತ್ರ ಮುಟ್ಟಿಕೊಂಡಿರುತ್ತದೆ, ಉಳಿದ ಕಡೆ ಕೂದಲೆಳೆಯಷ್ಟು ಸಂದು. ಶಾಖ ದಾಟುವುದೇ ಕಷ್ಟ. ಮೇಲ್ಮೈ ಎಷ್ಟೋ ತಣ್ಣಗಿರಬಹುದು, ಕ್ಲಿಪ್ ಬಿಗಿಯಾಗಿ ಹಾಕಿದ ದಿನ ಒಂದು ಲೆಕ್ಕ, ಸಡಿಲವಾದ ದಿನ ಇನ್ನೊಂದು. ಒಂದು ಡಮ್ಮಿ ಗಾಜಿಗೆ ತೆಳು ಥರ್ಮೋಕಪಲ್ ಅಂಟಿಸಿ, ಬ್ಲಾಕ್ ಮತ್ತು ಗಾಜು ಎರಡರ ಉಷ್ಣಾಂಶಕ್ಕೂ ಒಂದು ಪಟ್ಟಿ ಮಾಡಿಟ್ಟುಕೊಳ್ಳಿ. ಅರ್ಧ ದಿನದ ಕೆಲಸ. ಪೇಪರುಗಳಲ್ಲಿ ಬರುವ "ಸಬ್‌ಸ್ಟ್ರೇಟ್ ಉಷ್ಣಾಂಶ" (ಫಿಲ್ಮು ಕೂರುವ ತಳದ ಉಷ್ಣಾಂಶ) ನೋಡಿದಾಗಲೂ ಇದನ್ನು ನೆನಪಿಡಿ, ಒಬ್ಬರ 150 ಇನ್ನೊಬ್ಬರ 120 ಆಗಿರುವ ಸಾಧ್ಯತೆ ಧಾರಾಳ.

ಮಾನಿಟರಿನ ಬಗ್ಗೆಯೂ ಒಂದು ಮಾತು. ಅದು ತೂಕ ನೋಡುವುದು, ದಪ್ಪವನ್ನಲ್ಲ. ಅದರೊಳಗಿನ ಕ್ರಿಸ್ಟಲಿನ ಕಂಪನ ಎಷ್ಟು ಇಳಿಯಿತು ಎಂಬುದರಿಂದ ತೂಕ, ತೂಕವನ್ನು ಸಾಂದ್ರತೆಯಿಂದ ಭಾಗಿಸಿ ದಪ್ಪ. ಥಾಲೊಸಯನಿನ್‌ಗೆ ಘನ ಸೆಂಟಿಮೀಟರಿಗೆ ಸುಮಾರು 1.6 ಗ್ರಾಂ ಹಾಕುತ್ತಾರೆ. ಕ್ರಿಸ್ಟಲ್ ತಣ್ಣೀರಿನಲ್ಲಿ ತಂಪಾಗಿರುತ್ತದೆ, ನಿಮ್ಮ ಗಾಜು ಬಿಸಿ. ಬಿಸಿ ಮೇಲ್ಮೈಯಲ್ಲಿ ಬಿದ್ದ ಅಣುಗಳೆಲ್ಲ ನಿಲ್ಲುವುದಿಲ್ಲ. ಮಾನಿಟರ್ 100 ಎಂದಾಗ ಎರಡೂ ಫಿಲ್ಮು 100 ಇದೆ ಎಂದು ನಂಬಬೇಡಿ, ಗೀರು ಎಳೆದು ಪ್ರೊಫೈಲರಿನಲ್ಲಿ (ಮೇಲ್ಮೈಯ ಏರಿಳಿತ ಅಳೆಯುವ ಯಂತ್ರ) ಅಳೆಯಿರಿ.

ಸ್ಪಿನ್‌ಕೋಟರ್ (ಸುರತ್ಕಲ್):
ನಾನು ಪಾಲಿಮರ್ ಪಂಗಡದವನು, ನಿರ್ವಾತದ ಗೋಳು ನಮಗಿಲ್ಲ, ಆದರೆ ಮಳೆಗಾಲದ ಪ್ರಶ್ನೆಗೆ ಹೇಳಲಿಕ್ಕುಂಟು. ಪಿ3ಎಚ್‌ಟಿ ಎನ್ನುವ ಪಾಲಿಮರನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸಿ, ಗರಗರ ತಿರುಗುವ ಗಾಜಿನ ಮೇಲೆ ಹರಡಿದರೆ ಜನವರಿಯಲ್ಲಿ ಹೊಳೆಯುವ ಫಿಲ್ಮು ಬರುತ್ತದೆ, ಜುಲೈಯಲ್ಲಿ ಅದೇ ದ್ರಾವಣ, ಅದೇ ವೇಗ, ಮೇಲೆ ಬಿಳಿ ಮಬ್ಬು. ಕ್ಲೋರೋಫಾರ್ಮ್ ಕುದಿಯುವುದೇ 61 ಡಿಗ್ರಿಯಲ್ಲಿ. ಅಷ್ಟು ಬೇಗ ಹಾರಿಹೋಗುವಾಗ ಮೇಲ್ಮೈ ತಣ್ಣಗಾಗುತ್ತದೆ, ನಮ್ಮ ಊರಿನ ತೇವದ ಗಾಳಿಯ ನೀರು ಅಲ್ಲಿ ಹನಿಗಟ್ಟುತ್ತದೆ. ದ್ರಾವಕ ಹೋಗಿ ಪಾಲಿಮರ್ ಗಟ್ಟಿಯಾದ ಮೇಲೆ ಹನಿಯೂ ಆರುತ್ತದೆ, ಹನಿ ಕೂತಿದ್ದ ಜಾಗ ತೂತಾಗಿ ಉಳಿಯುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಾಲು ಸಾಲು ದುಂಡು ಗುಳಿಗಳು, ನೋಡಲು ಚಂದವೇ.

ತಮಾಷೆ ಎಂದರೆ ಆ ತೂತಿನ ಫಿಲ್ಮು ಟ್ರಾನ್ಸಿಸ್ಟರಿಗೆ ಕೆಟ್ಟದ್ದು, ಗ್ಯಾಸ್ ಸೆನ್ಸರಿಗೆ ಒಳ್ಳೆಯದಾಗಬಹುದು. ಗ್ಯಾಸ್ ಒಳಗೆ ಹೋಗಲು ದಾರಿ ಸಿಗುತ್ತದೆ. ಬೇಕೆಂದೇ ತೇವದ ಗಾಳಿ ಬಿಟ್ಟು ಹೀಗೆ ಮಾಡುವವರೂ ಇದ್ದಾರೆ. ಆದರೆ ಬೇಕೆಂದು ಮಾಡುವುದು ಬೇರೆ, ಮಳೆ ಬಂದದ್ದಕ್ಕೆ ಆಗಿಹೋಗುವುದು ಬೇರೆ. ಈಗ ನಾನು 180 ಡಿಗ್ರಿಯಲ್ಲಿ ಕುದಿಯುವ ಡೈಕ್ಲೋರೋಬೆಂಜೀನಿಗೆ ಹೋಗಿದ್ದೇನೆ. ನಿಧಾನ ಆರುತ್ತದೆ, ಸರಪಳಿಗಳು ಅಚ್ಚುಕಟ್ಟಾಗಿ ಜೋಡಿಸಿಕೊಳ್ಳುತ್ತವೆ, ಮಬ್ಬೂ ಇಲ್ಲ.

ಕೆಲಸವಿಲ್ಲದ ಕೆಮಿಸ್ಟ್ (ಮಂಗಳೂರು):
ಎಲ್ಲರೂ ಹರಳು, ಗಡಿ, ತೂತು ಎಂದು ಹೊರಟಿದ್ದೀರಿ. ನನಗೆ ಇನ್ನೂ ಒಂದು ಅನುಮಾನ. ಆಟಿಮಳೆಯವರೇ, ನೀವು ಅಳೆಯುವುದು ನೈಟ್ರೋಜನ್ ಹರಿವಿನಲ್ಲಿ ಎಂದಿರಿ. ಆದರೆ ಫಿಲ್ಮು ಅಲ್ಲಿಯವರೆಗೆ ಗಾಳಿಯಲ್ಲಿ ಇತ್ತು. ಕಾಪರ್ ಥಾಲೊಸಯನಿನ್ ತಕ್ಕಮಟ್ಟಿಗೆ ವಿದ್ಯುತ್ ಒಯ್ಯುವುದೇ ಗಾಳಿಯ ಆಕ್ಸಿಜನ್ ಅದರೊಳಗೆ ಸೇರಿ ಎಲೆಕ್ಟ್ರಾನ್ ಕಸಿದು ರಂಧ್ರಗಳನ್ನು (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗ, ಇಲ್ಲಿ ವಿದ್ಯುತ್ ಒಯ್ಯುವುದು ಇವೇ) ಕೊಟ್ಟದ್ದಕ್ಕೆ. ಅಮೋನಿಯಾ ಎಲೆಕ್ಟ್ರಾನ್ ಕೊಟ್ಟು ಆ ರಂಧ್ರಗಳನ್ನು ಕಡಿಮೆ ಮಾಡುತ್ತದೆ, ರೋಧ ಏರುತ್ತದೆ. ಸರಿ. ಆದರೆ ಬರೀ ನೈಟ್ರೋಜನ್ ಹರಿಸಿದರೂ ಆಕ್ಸಿಜನ್ ನಿಧಾನಕ್ಕೆ ಕಳಚಿಕೊಂಡು ಹೋಗುತ್ತದೆ, ಆಗಲೂ ರೋಧ ಏರುತ್ತದೆ! ಎರಡೂ ಒಂದೇ ದಿಕ್ಕು. ನೀವು "ಬೇಸ್‌ಲೈನಿಗೆ ಬರುವುದೇ ಇಲ್ಲ" ಎನ್ನುವುದರಲ್ಲಿ ಎಷ್ಟು ಪಾಲು ಅಮೋನಿಯಾ ಹಿಡಿದು ಕೂತದ್ದು, ಎಷ್ಟು ಪಾಲು ಆಕ್ಸಿಜನ್ ಹೋದದ್ದು?

ಅಮೋನಿಯಾ ಇಲ್ಲದೆ ಅಷ್ಟೇ ಹೊತ್ತು ನೈಟ್ರೋಜನ್ ಮಾತ್ರ ಬಿಟ್ಟು ನೋಡಿ. ಇಲ್ಲವೇ ಒಣ ಗಾಳಿಯನ್ನೇ ವಾಹಕ ಮಾಡಿ. ಹೇಗಿದ್ದರೂ ಸೆನ್ಸರ್ ಕೊನೆಗೆ ಬದುಕಬೇಕಾದದ್ದು ಗಾಳಿಯಲ್ಲಿ, ನೈಟ್ರೋಜನ್ ಸಿಲಿಂಡರಿನಲ್ಲಿ ಅಲ್ಲವಲ್ಲ.

ಬೀಡಿನಗುಡ್ಡೆ ಮೇಷ್ಟ್ರು:
ಇದು ಸರಿಯಾದ ಪ್ರಶ್ನೆ. ಇದನ್ನು ಮಾಡದೆ ಮುಂದೆ ಹೋಗಬೇಡಿ.

ಮಲ್ಪೆ ಐಸ್:
ನಾನು ಐಟಿಐ ಮಾಡಿದವ, ನಿಮ್ಮ ಹರಳು ಗಿರಳು ಅರ್ಥ ಆಗುದಿಲ್ಲ. ಐಸ್ ಪ್ಲಾಂಟಿನಲ್ಲಿ ಕಂಪ್ರೆಸರ್ ನೋಡಿಕೊಳ್ಳುದು. ನಮ್ಮಲ್ಲಿ ತಂಪು ಮಾಡುದು ಅಮೋನಿಯಾ ಗ್ಯಾಸೇ, ಅಮೋನಿಯಾ ಅಂದ ಕೂಡ್ಲೆ ಓದಿದೆ. ಲೀಕ್ ಎಲ್ಲಿ ಅಂತ ಹುಡುಕ್ಲಿಕ್ಕೆ ನಮ್ಮಲ್ಲಿ ಈಗಲೂ ಗಂಧಕದ ಕಡ್ಡಿ ಉಂಟು. ಹಚ್ಚಿ ಪೈಪಿನ ಜಾಯಿಂಟಿನ ಹತ್ರ ಹಿಡಿದರೆ, ಲೀಕ್ ಇದ್ದಲ್ಲಿ ಬಿಳಿ ಹೊಗೆ ದಪ್ಪ ಆಗ್ತದೆ. ಗೋಡೆಯ ಮೇಲೆ ಮಿಷಿನ್ ಅಲಾರಂ ಕೂಡ ಉಂಟು. ಅದರ ಒಳಗಿನ ಸೆಲ್ ಆಗಾಗ ಬದಲು ಮಾಡ್ಬೇಕು, ರೇಟು ಕೇಳಿದರೆ ತಲೆ ತಿರುಗ್ತದೆ.

ನನಗೆ ಬೇಕಾದ್ದು ಇಷ್ಟೇ ಮಾರಾಯ್ರೆ. ಲೀಕ್ ಆದ ಕೂಡ್ಲೆ ಕೂಗ್ಬೇಕು, ಲೀಕ್ ನಿಂತ ಮೇಲೆ ಸುಮ್ಮನಾಗ್ಬೇಕು, ಮಳೆ ಬಂದದ್ದಕ್ಕೆ ಕೂಗ್ಲಿಕ್ಕಿಲ್ಲ. ಒಮ್ಮೆ ಕೂಗಿ ಇಡೀ ದಿನ ಕೂಗ್ತಾ ಇದ್ದರೆ ಹುಡುಗರು ವಯರ್ ಕಿತ್ತು ಬಿಸಾಡ್ತಾರೆ, ಬರೆದಿಟ್ಟುಕೊಳ್ಳಿ.

ಕೆಲಸವಿಲ್ಲದ ಕೆಮಿಸ್ಟ್:
ಆಟಿಮಳೆಯವರೇ, ಗೈಡಿಗೆ ಈ ಕಾಮೆಂಟಿನ ಪ್ರಿಂಟ್ ತೆಗೆದು ಕೊಡಿ. ಕೆಲಸದ ಜಾಗದಲ್ಲಿ ಎಂಟು ಗಂಟೆಯ ಸರಾಸರಿಗೆ 25 ಪಿಪಿಎಂ ಎನ್ನುವ ಮಿತಿಯನ್ನು ಹಲವು ಕಡೆ ಬಳಸುತ್ತಾರೆ. 300 ಪಿಪಿಎಂ ಆದರೆ ಜೀವಕ್ಕೇ ಅಪಾಯ. ಐಸ್ ಪ್ಲಾಂಟಿನಲ್ಲಿ ಬೇಕಾದ ಮಟ್ಟ ಇದು. ಇಷ್ಟಕ್ಕೆ ನಿಮ್ಮ ಬಿಸಿ ಗಾಜಿನ ಫಿಲ್ಮಿನ "ಅರ್ಧ" ಸ್ಪಂದನೆ ಬೇಕಾದಷ್ಟಾಯಿತು. ಅಳತೆಯ ಗದ್ದಲಕ್ಕಿಂತ ಸಿಗ್ನಲ್ ಮೇಲಿದ್ದರೆ, ಇನ್ನೂ ದೊಡ್ಡ ಸಿಗ್ನಲ್ ಯಾರಿಗೆ?

ಬೇರೆ ಕೆಲಸಕ್ಕೆ ಮಾತು ಬೇರೆ. ರಸ್ತೆ ಬದಿಯ ನೈಟ್ರೋಜನ್ ಡೈಆಕ್ಸೈಡ್ ನೋಡಬೇಕಾದರೆ 2009ರ ನಮ್ಮ ರಾಷ್ಟ್ರೀಯ ಮಾನದಂಡದಲ್ಲಿ 24 ಗಂಟೆಯ ಮಿತಿ ಘನ ಮೀಟರಿಗೆ 80 ಮೈಕ್ರೋಗ್ರಾಂ. ಪಿಪಿಬಿ (ನೂರು ಕೋಟಿಯಲ್ಲಿ ಎಷ್ಟು ಪಾಲು) ಲೆಕ್ಕದಲ್ಲಿ ನಲವತ್ತರ ಆಸುಪಾಸು. ಅಲ್ಲಿ ಸ್ಪಂದನೆ ಎಷ್ಟಿದ್ದರೂ ಸಾಲದು, ಗಡಿ ಹೆಚ್ಚಿರುವ ಫಿಲ್ಮಿಗೆ ಅಲ್ಲಿ ಬೆಲೆ.

ಆಟಿಮಳೆ:
ಬರೀ ನೈಟ್ರೋಜನ್ ಓಟ ಮಾಡಿದೆ. ಕೆಮಿಸ್ಟ್ ಅವರ ಅನುಮಾನದಲ್ಲಿ ಹುರುಳಿದೆ. ಅಮೋನಿಯಾ ಇಲ್ಲದೆಯೂ ಎರಡೂ ಫಿಲ್ಮಿನ ರೋಧ ಮೆಲ್ಲಗೆ ಏರುತ್ತಾ ಹೋಯಿತು, ಶುರುವಿನಲ್ಲಿ ಜೋರಾಗಿ, ಆಮೇಲೆ ನಿಧಾನ. ತಣ್ಣನೆಯ ಫಿಲ್ಮಿನಲ್ಲಿ ಏರಿಕೆ ಹೆಚ್ಚು. ಅದನ್ನು ಕಳೆದು ನೋಡಿದರೆ ಅದರ ರಿಕವರಿ ನಾನು ಅಂದುಕೊಂಡಷ್ಟು ಕೆಟ್ಟದಿಲ್ಲ, ಆದರೆ ಬಿಸಿ ಗಾಜಿನದ್ದಕ್ಕೆ ಸಮವೂ ಇಲ್ಲ. ಒಂದು ಭಾಗ ಬೇಗ ಇಳಿಯುತ್ತದೆ, ಉಳಿದದ್ದು ಎಳೆಯುತ್ತಲೇ ಇರುತ್ತದೆ. ಒಣ ಗಾಳಿಯಲ್ಲಿ ಬೇಸ್‌ಲೈನ್ ಬಹಳ ಮಟ್ಟಿಗೆ ನಿಂತಿತು.

ಡಮ್ಮಿ ಗಾಜನ್ನೂ ನೋಡಿದೆ ಸರ್. ಬ್ಲಾಕಿಗೂ ಗಾಜಿಗೂ ವ್ಯತ್ಯಾಸ ಇದೆ, ಅದೂ ಕ್ಲಿಪ್ ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ಹೋಗುತ್ತದೆ. ಇನ್ನೊಂದು ವಿಷಯ. ಪಕ್ಕಪಕ್ಕ ಇಟ್ಟು ನೋಡಿದರೆ ಬ್ಲಾಕನ್ನು 250ರವರೆಗೆ ಕಾಯಿಸಿ ಮಾಡಿದ ಒಂದು ಫಿಲ್ಮು ಹಸಿರು ಛಾಯೆಗೆ ತಿರುಗಿದೆ. ತಣ್ಣನೆಯದು ಶುದ್ಧ ನೀಲಿ. ಏನಾದರೂ ಸುಟ್ಟಿತಾ?

ಬೀಡಿನಗುಡ್ಡೆ ಮೇಷ್ಟ್ರು:
ಸುಟ್ಟಿಲ್ಲ. ಈ ಅಣು ಗಟ್ಟಿ, 400 ಡಿಗ್ರಿ ಹತ್ತಿರದಲ್ಲಿ ಆವಿಯಾಗುತ್ತದೆಯೇ ಹೊರತು ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ. ನೀವು ನೋಡಿದ್ದು ಆಲ್ಫಾ ಎನ್ನುವ ಹರಳಿನ ರೂಪದಿಂದ ಬೀಟಾಕ್ಕೆ ಹೋದದ್ದು. ಅಣು ಅದೇ, ಜೋಡಣೆ ಬೇರೆ. ಬಣ್ಣದ ಕಂಪನಿಯವರಿಗೆ ಇದು ನಮಗಿಂತ ಮೊದಲೇ ಗೊತ್ತು: ಆಲ್ಫಾ ಕೊಂಚ ಕೆಂಪು ಮಿಶ್ರಿತ ನೀಲಿ, ಬೀಟಾ ಹಸಿರು ಮಿಶ್ರಿತ ನೀಲಿ. ದಿನಪತ್ರಿಕೆಯ ಬಣ್ಣದ ಚಿತ್ರಗಳಲ್ಲಿ ಬೀಳುವ ಸಯಾನ್ ಶಾಯಿ ಈ ಬೀಟಾವೇ. ಸ್ಪೆಕ್ಟ್ರೋಮೀಟರಿನಲ್ಲಿ ನೋಡಿ, ಆಲ್ಫಾ ಬೆಳಕು ಹೀರುವ ಎರಡು ಶಿಖರ 620 ಮತ್ತು 695 ನ್ಯಾನೋಮೀಟರ್ ಸುಮಾರಿಗೆ ಇರುತ್ತವೆ, ಬೀಟಾದಲ್ಲಿ 645 ಮತ್ತು 720ರ ಕಡೆ ಸರಿಯುತ್ತವೆ. ಎಕ್ಸ್‌ಆರ್‌ಡಿಗೆ (ಎಕ್ಸ್‌ರೇಯಿಂದ ಹರಳಿನ ಜೋಡಣೆ ನೋಡುವ ಯಂತ್ರ) ಸರದಿ ಕಾಯುವುದಕ್ಕಿಂತ ಇದು ಬೇಗ.

ಕೋಣೆಯ ಉಷ್ಣಾಂಶದಲ್ಲಿ ಕೂರಿಸಿ ಆಮೇಲೆ ಓವನ್ನಿನಲ್ಲಿ ಕಾಯಿಸಿದರೂ ಬೀಟಾ ಬರುತ್ತದೆ, ಆದರೆ ಅದು ಬಿಸಿ ಗಾಜಿನ ಮೇಲೆ ಬೆಳೆದ ಫಿಲ್ಮಿಗೆ ಸಮ ಅಲ್ಲ. ಈಗಾಗಲೇ ಒತ್ತಾಗಿ ಕೂತ ಅಣುಗಳು ಜಾಗ ಬದಲಿಸುವಾಗ ಫಿಲ್ಮಿನಲ್ಲಿ ಬಿರುಕು ಬೀಳಬಹುದು, ಉದ್ದುದ್ದ ಹರಳು ಎದ್ದು ನಡುವೆ ಖಾಲಿ ಜಾಗ ಉಳಿಯಬಹುದು. ಆಗ ಹರಳು ದೊಡ್ಡದಾದರೂ ಗ್ಯಾಸಿಗೆ ಸಿಗುವ ಮೇಲ್ಮೈ ಹೆಚ್ಚುತ್ತದೆ. "ದೊಡ್ಡ ಹರಳು ಎಂದರೆ ಕಡಿಮೆ ಸ್ಪಂದನೆ" ಎನ್ನುವುದನ್ನು ಸೂತ್ರ ಮಾಡಿಕೊಳ್ಳಬೇಡಿ ಎನ್ನುವುದು ಇದಕ್ಕೇ.

ಸ್ಪಿನ್‌ಕೋಟರ್:
ಒಂದು ಸಂಶಯ. ವೇಗ ಕಡಿಮೆ ಮಾಡಿದಷ್ಟೂ ಹರಳು ದೊಡ್ಡದಾಗುವುದಾದರೆ, ಸೆಕೆಂಡಿಗೆ 0.1 ಆಂಗ್‌ಸ್ಟ್ರಾಂ ಇಟ್ಟು ರಾತ್ರಿಯಿಡೀ ಬಿಟ್ಟರೆ ಆಯ್ತಲ್ಲ?

ಬೀಡಿನಗುಡ್ಡೆ ಮೇಷ್ಟ್ರು:
ನಿರ್ವಾತ ಚೆನ್ನಾಗಿದ್ದರೆ ಮಾಡಬಹುದು. 10⁻⁶ ಟಾರ್‌ನಲ್ಲೂ (1 ಟಾರ್ ಎಂದರೆ ಸುಮಾರು 1.33 ಮಿಲಿಬಾರ್) ಉಳಿಕೆ ಅನಿಲದ ಅಣುಗಳು ಸೆಕೆಂಡಿಗೊಮ್ಮೆ ಒಂದು ಪದರ ತುಂಬುವಷ್ಟು ಬಂದು ಗಾಜಿಗೆ ಬಡಿಯುತ್ತವೆ. ಇವರದ್ದು 10⁻⁵ ಮಿಲಿಬಾರ್, ಅದಕ್ಕಿಂತ ಹಲವು ಪಟ್ಟು. ನಿಂತ ಥಾಲೊಸಯನಿನ್ ಅಣುವಿನ ಒಂದು ಪದರ ಸುಮಾರು 1.3 ನ್ಯಾನೋಮೀಟರ್. 0.1ರ ವೇಗದಲ್ಲಿ ಒಂದೇ ಪದರಕ್ಕೆ ಎರಡು ನಿಮಿಷ ದಾಟುತ್ತದೆ, ಅಷ್ಟರಲ್ಲಿ ಎಷ್ಟು ನೀರಿನ ಅಣು ಬಂದು ಹೋದವು ಎಂದು ಲೆಕ್ಕ ಹಾಕಿ. ಹೆಚ್ಚಿನವು ಅಂಟುವುದಿಲ್ಲ, ಆದರೂ ಒಂದಿಷ್ಟು ಸಿಕ್ಕಿಕೊಳ್ಳುತ್ತವೆ.

ಮಳೆಗಾಲ ನಿರ್ವಾತದ ಕೋಣೆಗೂ ಬರುವುದು ಇಲ್ಲಿಯೇ. ಬೆಲ್‌ಜಾರ್ (ನಿರ್ವಾತ ಮಾಡುವ ಗಂಟೆಯಾಕಾರದ ಮುಚ್ಚಳ) ತೆರೆದಿಟ್ಟು ಸ್ಯಾಂಪಲ್ ಬದಲಿಸುವಾಗ ಒಳಗೋಡೆಗೆ ನೀರು ಹತ್ತುತ್ತದೆ. ಗೋಡೆಯಲ್ಲಿ ಹಳೆಯ ಆವಿಯ ಪದರ ದಪ್ಪಗೆ ಕೂತಿದ್ದರೆ ಇನ್ನೂ ಹೆಚ್ಚು. ಪಂಪು ಎಷ್ಟು ಓಡಿದರೂ ಮೀಟರ್ ಇಳಿಯುವುದಿಲ್ಲ, ಹುಡುಗರು ಪಂಪಿನ ಎಣ್ಣೆಗೆ ಬೈಯುತ್ತಾರೆ. ಗಾಳಿಯ ಬದಲು ಒಣ ನೈಟ್ರೋಜನ್ ಬಿಟ್ಟು ತೆರೆಯಿರಿ, ಬೇಗ ಮುಚ್ಚಿ, ಒಳಗೋಡೆ ಉಜ್ಜಿ ತೊಳೆಯಿರಿ. ಶಟರ್ ಮುಚ್ಚಿಟ್ಟು ಪುಡಿಯನ್ನು ಮೊದಲು ಹದವಾಗಿ ಕಾಯಿಸಿ, ಅದರಲ್ಲಿರುವ ನೀರು ಹೋಗಿ ಒತ್ತಡ ಮತ್ತೆ ಇಳಿದ ಮೇಲೆಯೇ ಶಟರ್ ತೆಗೆಯಿರಿ. ವೇಗ 3, 4ಕ್ಕೆ ಹಾರುವುದೂ ಇದರಿಂದ ಕಡಿಮೆಯಾಗುತ್ತದೆ.

ಆಟಿಮಳೆ:
ಧನ್ಯವಾದ ಸರ್. ಈಗ ಗೈಡಿಗೆ ಎಂತ ಹೇಳುವುದು ಎನ್ನುವುದೇ ಉಳಿದದ್ದು. ಹಳೆಯ ಪೇಪರುಗಳಲ್ಲೆಲ್ಲ ಸ್ಪಂದನೆಯ ಶೇಕಡಾವಾರು ಕೋಷ್ಟಕ ಇರುತ್ತದೆ, ನಮ್ಮದು ಅದರಲ್ಲಿ ಮೇಲೆ ಬರಬೇಕು ಎನ್ನುವುದು ಅವರ ವಾದ.

ಕೆಲಸವಿಲ್ಲದ ಕೆಮಿಸ್ಟ್:
ಆ ಕೋಷ್ಟಕದಲ್ಲಿ ಒಬ್ಬರು 10 ನಿಮಿಷ ಗ್ಯಾಸ್ ಬಿಟ್ಟಿರುತ್ತಾರೆ, ಇನ್ನೊಬ್ಬರು ಒಂದು ಗಂಟೆ. ಒಬ್ಬರದ್ದು ನೈಟ್ರೋಜನ್, ಇನ್ನೊಬ್ಬರದ್ದು ಗಾಳಿ. ಒಂದರ ಕೆಳಗೊಂದು ಬರೆದ ಮಾತ್ರಕ್ಕೆ ಹೋಲಿಕೆ ಆಗುವುದಿಲ್ಲ. ಸೀದಾ ಹೇಳಿ: ಬಿಸಿ ಗಾಜಿನ ಫಿಲ್ಮನ್ನೇ ಮುಖ್ಯ ಮಾಡಿ, ತಣ್ಣನೆಯದನ್ನು ಪಕ್ಕದಲ್ಲಿ ತೋರಿಸೋಣ, ವ್ಯತ್ಯಾಸ ಎಲ್ಲಿಂದ ಬಂತು ಎನ್ನುವುದೇ ಪೇಪರು ಎಂದು. ದಪ್ಪದ್ದೂ ಒಂದು ಸಾಲು ಸೇರಿಸಿ: 20, 50, 100, 200. ದಪ್ಪ ಹೆಚ್ಚಿದಂತೆ ಸ್ಪಂದಿಸುವ ಸಮಯವೂ ಉದ್ದವಾದರೆ ಗ್ಯಾಸ್ ಒಳಗೆ ಇಳಿಯುವುದೇ ತಡೆ. ಆಗದಿದ್ದರೆ ಎಲ್ಲ ನಡೆಯುತ್ತಿರುವುದು ಮೇಲ್ಮೈಯಲ್ಲಿ, 200 ಕೂರಿಸಿ ಪುಡಿ ಹಾಳು ಮಾಡಬೇಕಾಗಿಲ್ಲ.

ಬೀಡಿನಗುಡ್ಡೆ ಮೇಷ್ಟ್ರು:
ಇನ್ನೊಂದು ವಾದವೂ ನಿಮ್ಮ ಪರ ಇದೆ. ರಿಕವರಿ ಬೇಗ ಆಗಲೆಂದು ಇಂಥ ಸೆನ್ಸರುಗಳನ್ನು ಎಷ್ಟೋ ಸಲ ಕಾಯಿಸಿಟ್ಟು ಓಡಿಸುತ್ತಾರೆ. ಕೋಣೆಯ ಉಷ್ಣಾಂಶದಲ್ಲಿ ಬೆಳೆದ ಫಿಲ್ಮನ್ನು ಹಾಗೆ ಕಾಯಿಸಿದರೆ ಅದು ಅಳೆಯುತ್ತಿರುವಾಗಲೇ ತನ್ನ ಹರಳುಗಳನ್ನು ಬದಲಿಸಿಕೊಳ್ಳುತ್ತಾ ಹೋಗುತ್ತದೆ. ನಿನ್ನೆ ಮಾಡಿದ ಕ್ಯಾಲಿಬ್ರೇಶನ್ ಇಂದು ಉಪಯೋಗಕ್ಕಿಲ್ಲ. ಓಡಿಸುವ ಉಷ್ಣಾಂಶಕ್ಕಿಂತ ಹೆಚ್ಚಿನದರಲ್ಲಿ ಬೆಳೆಸಿದ ಫಿಲ್ಮಿಗೆ ಆ ತೊಂದರೆ ಕಡಿಮೆ. ಇದನ್ನು ಗೈಡ್ ಅಲ್ಲಗಳೆಯಲಾರರು.

ಮಲ್ಪೆ ಐಸ್:
ಪೇಪರ್ ಆದ ಮೇಲೆ ಅದನ್ನು ಇಲ್ಲಿಗೆ ತನ್ನಿ. ಮಾಲಕರ ಹತ್ರ ನಾನು ಕೇಳ್ತೇನೆ, ಕಂಪ್ರೆಸರ್ ರೂಮಿನ ಒಂದು ಮೂಲೆಯಲ್ಲಿ ಇಡ್ಲಿಕ್ಕೆ ಅವರು ಬೇಡ ಹೇಳ್ಲಿಕ್ಕಿಲ್ಲ. ಎರಡೂ ನಮೂನೆ ತನ್ನಿ, ಬಿಸಿದು, ತಂಪಿಂದು. ನಮ್ಮ ಅಲಾರಮ್ಮಿನ ಪಕ್ಕದಲ್ಲೇ ಇಡುವ. ಬರುದಾದರೆ ಮಳೆ ಮುಗಿಯುವ ಮೊದಲು ಬನ್ನಿ, ಬಂದರು ರಜೆಯಲ್ಲಿ ಕೆಲಸ ಕಡಿಮೆ, ಆಮೇಲೆ ಬೋಟು ಇಳಿದರೆ ನನಗೆ ಉಸಿರಾಡ್ಲಿಕ್ಕೂ ಪುರ್ಸೊತ್ತಿಲ್ಲ.

ಆಟಿಮಳೆ:
ಖಂಡಿತ ಬರುತ್ತೇನೆ ಅಣ್ಣಾ. ಆ ಮೂಲೆಯಲ್ಲಿ ಪ್ಲಗ್ ಪಾಯಿಂಟ್ ಉಂಟಾ? ಕಂಪ್ರೆಸರ್ ಆನ್ ಆಗುವಾಗ ವೋಲ್ಟೇಜ್ ಬೀಳುತ್ತದಾ? ನಮ್ಮ ಮೀಟರ್ ನ್ಯಾನೋ ಆಂಪಿಯರ್ ಓದುವುದು, ಬಹಳ ನಾಜೂಕು.

ಮಲ್ಪೆ ಐಸ್:
ಪಾಯಿಂಟ್ ಉಂಟು. ವೋಲ್ಟೇಜ್ ಬೀಳ್ತದೆ, ಟ್ಯೂಬ್‌ಲೈಟ್ ಒಮ್ಮೆ ಕಣ್ಣು ಮುಚ್ಚಿ ಬಿಡ್ತದೆ. ಯುಪಿಎಸ್ ನೀವೇ ತನ್ನಿ.